ಸೋಲಿನ ಕಥೆ ಸಾಕು, ಹಾಡು ಕೇಳಿ

ಜೀನ್ ಕ್ಲಾರ್ಕ್ ಎಂಬ ಅಮೆರಿಕನ್ ಗಾಯಕ 1974ರಲ್ಲಿ ‘ನೋ ಅದರ್’ ಎಂಬ ಆಲ್ಬಮ್ ಹೊರತಂದ. ಎಂಟು ಹಾಡು, ಸುಮಾರು 43 ನಿಮಿಷ. ಅದರ ಬಗ್ಗೆ ಇವತ್ತು ಎಲ್ಲಿ ಓದಿದರೂ ಸಿಗುವುದು ಹೆಚ್ಚುಕಡಿಮೆ ಒಂದೇ ಕಥೆ. ಲಕ್ಷ ಡಾಲರಿಗೂ ಮಿಕ್ಕಿದ ಖರ್ಚು, ಸಿಟ್ಟಿಗೆದ್ದ ಕಂಪನಿ ಯಜಮಾನ, ಬಿಲ್‌ಬೋರ್ಡ್ ಪಟ್ಟಿಯಲ್ಲಿ 144ನೇ ಸ್ಥಾನ, ಎರಡೇ ವರ್ಷದಲ್ಲಿ ಅಂಗಡಿಗಳಿಂದ ಮಾಯ, ಆಮೇಲೆ ಕುಡಿತ, 46ನೇ ವಯಸ್ಸಿಗೆ ಸಾವು. ಕಥೆ ಚೆನ್ನಾಗಿದೆ. ಹೇಳುವವರಿಗೆ ಹುರುಪು, ಕೇಳುವವರಿಗೆ ಒಂದು ನಿಟ್ಟುಸಿರು. ಆದರೆ ಕಥೆ ಮುಗಿಯುವ ಹೊತ್ತಿಗೆ ಆ ಎಂಟು ಹಾಡುಗಳ ಬಗ್ಗೆ ಒಂದು ಮಾತೂ ಬಂದಿರುವುದಿಲ್ಲ.

ಈ ಆಲ್ಬಮ್ಮಿಗೆ ಎರಡು ಸಲ ಅನ್ಯಾಯವಾಗಿದೆ. ಬಂದಾಗ ‘ಇಷ್ಟೊಂದು ಆಡಂಬರ ಯಾಕೆ’ ಎಂದು ಮೂಗು ಮುರಿದರು. ದಶಕಗಳು ಕಳೆದ ಮೇಲೆ ‘ಅಯ್ಯೋ, ಯಾರೂ ಕೇಳಲಿಲ್ಲವಲ್ಲ’ ಎಂದು ಲೊಚಗುಟ್ಟಿದರು. ಮೊದಲನೆಯದು ಬೈಗುಳ, ಎರಡನೆಯದು ಹೊಗಳಿಕೆ. ಹಾಡಿಗೆ ಕಿವಿ ಕೊಡುವ ಕೆಲಸ ಮಾತ್ರ ಎರಡರಲ್ಲೂ ತಪ್ಪಿಹೋಯಿತು. ‘ನೋ ಅದರ್’ನ ವೈಭವ ಮೇಲಿನಿಂದ ಬಳಿದ ಬಣ್ಣವಲ್ಲ, ಆ ಹಾಡುಗಳು ನಿಂತಿರುವುದೇ ಅದರ ಮೇಲೆ. ಇಷ್ಟನ್ನು ಒಪ್ಪದೆ ಅದನ್ನು ಹೊಗಳುವುದೂ ಒಂದೇ, ತೆಗಳುವುದೂ ಒಂದೇ.

ಕ್ಲಾರ್ಕ್ ಯಾರು ಎಂಬುದನ್ನು ಮೊದಲು ಹೇಳಿಬಿಡಬೇಕು. 1944ರಲ್ಲಿ ಮಿಸೌರಿ ರಾಜ್ಯದ ಟಿಪ್ಟನ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದವನು. 13 ಮಕ್ಕಳ ಮನೆ. 1963ರಲ್ಲಿ ‘ನ್ಯೂ ಕ್ರಿಸ್ಟಿ ಮಿನ್‌ಸ್ಟ್ರೆಲ್ಸ್’ ಎಂಬ ಜಾನಪದ ಗಾಯನ ತಂಡ ಸೇರಿದ. ಬೀಟಲ್ಸ್ ಕಿವಿಗೆ ಬಿದ್ದ ಮೇಲೆ ಅದನ್ನು ಬಿಟ್ಟು ಲಾಸ್ ಏಂಜಲೀಸಿಗೆ ಹೋದ. ಅಲ್ಲಿ ರೋಜರ್ ಮೆಗ್ವಿನ್, ಡೇವಿಡ್ ಕ್ರಾಸ್ಬಿ ಜೊತೆ ಸೇರಿ ಕಟ್ಟಿದ ತಂಡವೇ ‘ದಿ ಬರ್ಡ್ಸ್’. ಬಾಬ್ ಡಿಲನ್ ಬರೆದ ‘ಮಿಸ್ಟರ್ ಟ್ಯಾಂಬೊರಿನ್ ಮ್ಯಾನ್’ ಹಾಡನ್ನು ಈ ತಂಡ ಹಾಡಿದಾಗ, 1965ರಲ್ಲಿ, ಅದು ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಮೊದಮೊದಲು ತಂಡದ ಸ್ವಂತ ಹಾಡುಗಳಲ್ಲಿ ಹೆಚ್ಚಿನವನ್ನು ಬರೆದವನು ಕ್ಲಾರ್ಕ್. ಆ ವರ್ಷದ ಕೊನೆಯ ಪ್ರವಾಸದಲ್ಲಿ ತಂಡ ಪಂಡಿತ್ ರವಿಶಂಕರ್ ಮತ್ತು ಜಾನ್ ಕೋಲ್ಟ್ರೇನ್ ಅವರ ಸಂಗೀತದ ಟೇಪನ್ನು ದಾರಿಯುದ್ದಕ್ಕೂ ಮತ್ತೆ ಮತ್ತೆ ಹಾಕಿಕೊಂಡು ಕೇಳಿತು. ಅದರ ಫಲ 1966ರ ‘ಎಯ್ಟ್ ಮೈಲ್ಸ್ ಹೈ’. ‘ರಾಗಾ ರಾಕ್’ ಎಂಬ ಮಾತು ಪತ್ರಿಕೆಗಳಲ್ಲಿ ಓಡಾಡತೊಡಗಿದ್ದು ಆಗಲೇ. ಆ ಹಾಡು ಮಾರುಕಟ್ಟೆಗೆ ಬರುವ ಹೊತ್ತಿಗೆ, ಅದರ ಸಾಹಿತ್ಯದಲ್ಲಿ ದೊಡ್ಡ ಪಾಲಿದ್ದ ಕ್ಲಾರ್ಕ್ ತಂಡದಿಂದ ಹೊರಬಿದ್ದಿದ್ದ. ವಿಮಾನ ಹತ್ತುವುದೆಂದರೆ ಅವನಿಗೆ ಭಯ. ಜೊತೆಗೆ, ಹಾಡು ಬರೆದವನಿಗೆ ಸಿಗುವ ರಾಯಲ್ಟಿ ಹಣ ತಂಡದೊಳಗೆ ಹೊಗೆಯಾಡುತ್ತಿತ್ತು.

ಒಂಟಿಯಾದ ಮೇಲೆ ಅವನು ಸುಮ್ಮನೆ ಕೂರಲಿಲ್ಲ. 1968ರಲ್ಲಿ ಬ್ಯಾಂಜೊ ವಾದಕ ಡಗ್ ಡಿಲ್ಲಾರ್ಡ್ ಜೊತೆ ಸೇರಿ ಮಾಡಿದ ಕೆಲಸ ಮುಂದೆ ಕಂಟ್ರಿ ರಾಕ್ ಎಂದು ಹೆಸರಾದ ದಾರಿಯ ಮೊದಲ ಹೆಜ್ಜೆಗಳಲ್ಲಿ ಒಂದು. ಅದರಲ್ಲಿದ್ದ ‘ಟ್ರೇನ್ ಲೀವ್ಸ್ ಹಿಯರ್ ದಿಸ್ ಮಾರ್ನಿಂಗ್’ ಎಂಬ ಹಾಡನ್ನು ಈಗಲ್ಸ್ ತಂಡ 1972ರ ತನ್ನ ಮೊದಲ ಆಲ್ಬಮ್ಮಿಗೆ ಎತ್ತಿಕೊಂಡಿತು. 1971ರಲ್ಲಿ ಬಂದ ‘ವೈಟ್ ಲೈಟ್’ನಲ್ಲಿ ಗಿಟಾರ್, ಹಾರ್ಮೋನಿಕಾ, ದನಿ ಬಿಟ್ಟರೆ ಬೇರೆ ಹೆಚ್ಚೇನಿಲ್ಲ. ಬಲ್ಲವರು ಅದನ್ನು ಮೆಚ್ಚಿದರು. ಕೊಂಡವರು ಕಡಿಮೆ. ಆದರೆ ಆ ಆಲ್ಬಮ್ಮಿನಿಂದ ಒಂದು ಚೌಕಟ್ಟು ಸಿದ್ಧವಾಯಿತು. ಜೀನ್ ಕ್ಲಾರ್ಕ್ ಎಂದರೆ ಹಳ್ಳಿಗಾಡಿನ ಹುಡುಗ, ಮರದ ಗಿಟಾರ್, ಅಳುವಿನ ಅಂಚಿನಲ್ಲಿರುವ ದನಿ, ಇಷ್ಟೇ.

1973ರಲ್ಲಿ ಬರ್ಡ್ಸ್‌ನ ಮೂಲ ಐವರೂ ಮತ್ತೆ ಒಟ್ಟಾಗಿ ಅಸೈಲಮ್ ಕಂಪನಿಗೆ ಒಂದು ಆಲ್ಬಮ್ ಮಾಡಿದರು. ಆಲ್ಬಮ್ ನಿರಾಸೆ ತಂದಿತು. ಅದರಲ್ಲಿ ಒಳ್ಳೆಯದೆಂದು ಬಹುಮಂದಿ ಬೆರಳು ತೋರಿಸಿದ್ದು ಕ್ಲಾರ್ಕ್ ಹಾಡುಗಳ ಕಡೆಗೆ. ಅಸೈಲಮ್‌ನ ಯಜಮಾನ ಡೇವಿಡ್ ಗೆಫೆನ್ ಅವನಿಗೆ ಒಂಟಿ ಆಲ್ಬಮ್ಮಿನ ಅವಕಾಶ ಕೊಟ್ಟ.

ಉತ್ತರ ಕ್ಯಾಲಿಫೋರ್ನಿಯಾದ ಮೆಂಡಸೀನೊ ಕರಾವಳಿಯಲ್ಲಿ, ಪೆಸಿಫಿಕ್ ಸಾಗರದ ಎದುರಿನ ಮನೆಯಲ್ಲಿ ಕೂತು ಕ್ಲಾರ್ಕ್ ಈ ಹಾಡುಗಳನ್ನು ಬರೆದ. ಲಾಸ್ ಏಂಜಲೀಸಿನ ವಿಲೇಜ್ ರೆಕಾರ್ಡರ್ ಸ್ಟುಡಿಯೋದಲ್ಲಿ, ಥಾಮಸ್ ಜೆಫರ್ಸನ್ ಕೇ ಎಂಬ ನಿರ್ಮಾಪಕನ ಜೊತೆ ಅವು ಮುದ್ರಣವಾದವು. ಬಾಸ್ ಗಿಟಾರಿಗೆ ಲೀಲ್ಯಾಂಡ್ ಸ್ಕ್ಲಾರ್, ಡ್ರಮ್ಸಿಗೆ ರಸ್ ಕಂಕಲ್, ಗಿಟಾರಿಗೆ ಜೆಸ್ಸಿ ಎಡ್ ಡೇವಿಸ್, ಹಿನ್ನೆಲೆ ದನಿಗೆ ಕ್ಲೈಡಿ ಕಿಂಗ್ ಮತ್ತು ವೆನೆಟ್ಟಾ ಫೀಲ್ಡ್ಸ್, ಹೀಗೆ ಆ ಊರಿನ ಅತ್ಯುತ್ತಮ ಕೈಗಳು, ಗಂಟಲುಗಳು ಅಲ್ಲಿ ಸೇರಿದ್ದವು. ಆ ದಿನಗಳಲ್ಲಿ ಕ್ಲಾರ್ಕ್ ತಲೆ ತುಂಬ ಇದ್ದದ್ದು ಸ್ಟೀವಿ ವಂಡರ್‌ನ ‘ಇನ್ನರ್‌ವಿಷನ್ಸ್’ ಮತ್ತು ರೋಲಿಂಗ್ ಸ್ಟೋನ್ಸ್‌ನ ‘ಗೋಟ್ಸ್ ಹೆಡ್ ಸೂಪ್’, ಎರಡೂ 1973ರ ಆಲ್ಬಮ್‌ಗಳು. ಇದು ಮುಖ್ಯ. ಮಿಸೌರಿಯ ಕಂಟ್ರಿ ಹಾಡುಗಾರ ಕರಿಯರ ಸೋಲ್ ಸಂಗೀತವನ್ನೂ ಗಾಸ್ಪೆಲ್ ಗುಂಪುಗಾಯನವನ್ನೂ ತನ್ನ ಹಾಡಿನೊಳಕ್ಕೆ ತರಬೇಕೆಂದು ಕಣ್ಣು ತೆರೆದುಕೊಂಡೇ ಹೊರಟಿದ್ದ. ನಿರ್ಮಾಪಕ ದಾರಿ ತಪ್ಪಿಸಿದ, ಸ್ಟುಡಿಯೋದ ಅಮಲು ತಲೆಗೇರಿತು ಎಂಬ ಮಾತುಗಳು ಈ ಒಂದು ಸಂಗತಿಯ ಎದುರು ನಿಲ್ಲುವುದಿಲ್ಲ.

ಕೈಗೆ ಬಂದದ್ದು ಎಂಟೇ ಹಾಡು. ಇಷ್ಟು ದುಡ್ಡಿಗೆ ಇಷ್ಟೇ ಹಾಡೇ ಎಂದು ಗೆಫೆನ್ ಕೆರಳಿದ. 1974ರ ಸೆಪ್ಟೆಂಬರಿನಲ್ಲಿ ಆಲ್ಬಮ್ ಹೊರಬಿತ್ತು, ಕಂಪನಿ ಪ್ರಚಾರದಿಂದ ಕೈತೊಳೆದುಕೊಂಡಿತು. ಹೊದಿಕೆಯೂ ಜನರನ್ನು ಗಲಿಬಿಲಿಗೊಳಿಸಿತು. ಮುಂಬದಿಯಲ್ಲಿ 1920ರ ದಶಕದ ಹಾಲಿವುಡ್ಡನ್ನು ನೆನಪಿಸುವ ಚಿತ್ರಗಳ ಕೊಲಾಜ್. ಹಿಂಬದಿಯಲ್ಲಿ ಮುಖಕ್ಕೆ ಮೇಕಪ್ ಹಚ್ಚಿ, ಗುಂಗುರು ಕೂದಲು ಬಿಟ್ಟು, ಅಗಲ ಕಾಲಿನ ಪ್ಯಾಂಟು ತೊಟ್ಟು ನಿಂತ ಕ್ಲಾರ್ಕ್. ಹಳ್ಳಿಗಾಡಿನ ಹುಡುಗನನ್ನು ಹುಡುಕಿ ಬಂದವರಿಗೆ ಸಿಕ್ಕಿದ್ದು ಈ ವೇಷ. ಹಲವು ವಿಮರ್ಶಕರು ಇಡೀ ಆಲ್ಬಮ್ಮನ್ನೇ ವೇಷ ಎಂದುಬಿಟ್ಟರು. ವಾದ್ಯ ಹೆಚ್ಚಾಯಿತು, ಕೋರಸ್ ಹೆಚ್ಚಾಯಿತು, ಹಾಡು ಅದರಡಿ ಹೂತುಹೋಯಿತು ಎಂಬುದು ಆರೋಪ.

ಈ ಆರೋಪವನ್ನು ಅದೇ ಕಾಲದ ಅದೇ ಊರಿನ ಲೆಕ್ಕದಲ್ಲಿಟ್ಟು ನೋಡಬೇಕು. 1974ರ ಜನವರಿಯಲ್ಲಿ ಇದೇ ಅಸೈಲಮ್‌ನಿಂದ ಜೋನಿ ಮಿಚೆಲ್‌ಳ ‘ಕೋರ್ಟ್ ಅಂಡ್ ಸ್ಪಾರ್ಕ್’ ಬಂತು. ಒಂದು ಗಿಟಾರ್, ಒಂದು ಪಿಯಾನೊ ಹಿಡಿದು ಹಾಡುತ್ತಿದ್ದ ಅವಳೂ ಅಲ್ಲಿ ಒಂದು ಜ್ಯಾಜ್ ತಂಡವನ್ನೇ ಜೊತೆಗಿಟ್ಟುಕೊಂಡಳು. ಅದನ್ನು ಬೆಳವಣಿಗೆ ಎಂದರು. ಆಲ್ಬಮ್ ಪಟ್ಟಿಯಲ್ಲಿ ಎರಡನೇ ಸ್ಥಾನ ಮುಟ್ಟಿತು. ಅದಕ್ಕೂ ಎರಡು ವರ್ಷ ಹಿಂದೆ ನೀಲ್ ಯಂಗ್ ‘ಹಾರ್ವೆಸ್ಟ್’ನ ಎರಡು ಹಾಡಿಗೆ ಲಂಡನ್ ಸಿಂಫನಿ ಆರ್ಕೆಸ್ಟ್ರಾವನ್ನೇ ಕರೆಸಿದ. ಗೊಣಗಿದವರಿದ್ದರು, ಆದರೂ ಅದು ಆ ವರ್ಷ ಅಮೆರಿಕದಲ್ಲಿ ಎಲ್ಲಕ್ಕಿಂತ ಹೆಚ್ಚು ಮಾರಾಟವಾದ ಆಲ್ಬಮ್. ಅಂದಮೇಲೆ 1974ರ ಕೇಳುಗರಿಗೆ ವೈಭವ ಒಗ್ಗುತ್ತಿರಲಿಲ್ಲ ಎನ್ನುವ ಹಾಗಿಲ್ಲ. ಒಗ್ಗದೆ ಹೋದದ್ದು ಆ ವೈಭವಕ್ಕೆ ಕೈಚಾಚಿದ ಮನುಷ್ಯ. ಒಬ್ಬರಿಗೆ ಬೆಳವಣಿಗೆ ಎಂದದ್ದು ಇನ್ನೊಬ್ಬನಿಗೆ ಅತಿಯಾಯಿತು. ಜಾನಪದದಿಂದ ಬಂದವನು ಜಾನಪದದಲ್ಲೇ ಇರಲಿ, ಊರ ಹುಡುಗ ಊರ ಅಂಗಿಯಲ್ಲೇ ಚಂದ ಎಂಬ ಧೋರಣೆ ಮೆಚ್ಚುಗೆಯ ಮುಖ ಹೊತ್ತುಕೊಂಡೇ ಬರುತ್ತದೆ. ಆದರೆ ಅದು ಬೇಲಿ.

ಬೇಲಿಯಾಚೆ ಹೋಗಿ ಅವನು ಮಾಡಿದ್ದೇನು ಎಂಬುದನ್ನು ಹಾಡುಗಳಲ್ಲೇ ನೋಡಬಹುದು. ಆರೂವರೆ ನಿಮಿಷದ ‘ಸ್ಟ್ರೆಂತ್ ಆಫ್ ಸ್ಟ್ರಿಂಗ್ಸ್’ ತೆಗೆದುಕೊಳ್ಳಿ. ಸಂಗೀತ ಮನುಷ್ಯನ ಮೇಲೆ ಮಾಡುವ ಪರಿಣಾಮವೇ ಈ ಹಾಡಿನ ವಸ್ತು. ಮೊದಲ ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಅದರಲ್ಲಿ ಮಾತೇ ಇಲ್ಲ. ನಿಧಾನವಾಗಿ ಇಳಿಯುವ ಸ್ವರಗುಚ್ಛಗಳ ಮೇಲೆ ಪದವಿಲ್ಲದ ದನಿಗಳು ಒಂದರ ಮೇಲೊಂದು ಏಳುತ್ತಾ ಹೋಗುತ್ತವೆ. ತಂಬೂರಿ ಮೀಟಿ ಶ್ರುತಿ ಕೂಡುವವರೆಗೆ ಕಾದು ಹಾಡು ಶುರುಮಾಡುವುದನ್ನು ಕೇಳಿ ಬೆಳೆದ ಕಿವಿಗೆ ಈ ಕಾಯುವಿಕೆ ಹೊಸದಲ್ಲ. ಕ್ಲಾರ್ಕ್ ಬಾಯಿ ತೆರೆಯುವ ಹೊತ್ತಿಗೆ ಹಾಡು ಹೇಳಬೇಕಾದ್ದರಲ್ಲಿ ಅರ್ಧ ಆಗಲೇ ನಡೆದುಹೋಗಿರುತ್ತದೆ. ಆ ದನಿಗಳನ್ನು ‘ಆಡಂಬರ’ ಎಂದು ಕತ್ತರಿಸಿದರೆ ಉಳಿಯುವುದು ಸಂಗೀತದ ಶಕ್ತಿಯ ಬಗ್ಗೆ ಒಂದು ಹೇಳಿಕೆ. ಶಕ್ತಿ ಇರುವುದಿಲ್ಲ.

‘ನೋ ಅದರ್’ ಎಂಬ ಶೀರ್ಷಿಕೆ ಹಾಡಿನಲ್ಲಿ ನೆಲದಿಂದ ಎದ್ದಂತೆ ಬರುವ, ಗರಗರ ಎನ್ನುವ ಬಾಸ್ ಇದೆ. ಅದರ ಮೇಲೆ ಕೀಬೋರ್ಡ್ ತುಣುಕುಗಳು, ತಾಳವಾದ್ಯಗಳು, ಕೋರಸ್. ಸ್ಟೀವಿ ವಂಡರ್ ಕೇಳಿದ್ದರ ಗುರುತು ಇಲ್ಲಿ ನೇರವಾಗಿ ಕಾಣುತ್ತದೆ. ಆದರೆ ಅದರ ಮೇಲೆ ಹಾಡುವ ದನಿ ಮಾತ್ರ ಅಪ್ಪಟ ಮಿಸೌರಿ, ಮೆತ್ತಗೆ, ಸ್ವಲ್ಪ ಹಿಂಜರಿಕೆಯಿಂದ. ಗಟ್ಟಿ ಲಯಕ್ಕೂ ಅಳುಕುವ ದನಿಗೂ ನಡುವಿನ ಎಳೆದಾಟವೇ ಈ ಹಾಡು. ಒಂದು ಗಿಟಾರ್ ಹಿಡಿದು ಹಾಡಿದರೆ ಎಳೆಯುವ ಎರಡು ಕಡೆಗಳಲ್ಲಿ ಒಂದು ಇಲ್ಲವಾಗುತ್ತದೆ.

‘ಸಮ್ ಮಿಸ್‌ಅಂಡರ್‌ಸ್ಟ್ಯಾಂಡಿಂಗ್’ 8 ನಿಮಿಷದ್ದು. ಅವಸರವೇ ಇಲ್ಲ. ತನ್ನನ್ನು ತಾನೇ ಪ್ರಶ್ನಿಸಿಕೊಳ್ಳುವ ಒಬ್ಬನ ಹಾಡು ಅದು. ಹಿನ್ನೆಲೆಯ ದನಿಗಳು ಸೇರಿಕೊಂಡಾಗ ಒಬ್ಬನ ಗೊಂದಲ ಒಂದು ಸಭೆಯ ಗೊಂದಲವಾಗುತ್ತದೆ. ಚರ್ಚಿನ ಗುಂಪುಗಾಯನದಿಂದ ಬಂದ ಗಾಸ್ಪೆಲ್ ಶೈಲಿಯ ಕೆಲಸವೇ ಅದು, ಒಂಟಿ ದನಿಗೆ ಊರಿನ ದನಿ ಕೂಡಿಸುವುದು.

ಎಲ್ಲಿ ಬೇಡವೋ ಅಲ್ಲಿ ಕ್ಲಾರ್ಕ್ ಕೈ ಹಿಡಿದದ್ದೂ ಇದೆ. ‘ಸಿಲ್ವರ್ ರೇವನ್’ ಬಹುಮಟ್ಟಿಗೆ ಬರಿಯ ಗಿಟಾರುಗಳ, ಮೇಲುಸ್ತರಕ್ಕೆ ಹಗುರವಾಗಿ ಜಾರುವ ದನಿಯ ಹಾಡು. ಖಾಲಿ ಜಾಗವೇ ಅದರ ಚೆಲುವು. ಕೊನೆಯ ‘ಲೇಡಿ ಆಫ್ ದ ನಾರ್ತ್’ನಲ್ಲಿ ಪಿಟೀಲು, ಚೆಲ್ಲೊ ಬರುವುದು ಮನೆಯಂಗಳದ ನೆನಪೊಂದು ನಿಧಾನವಾಗಿ ದೂರವಾಗುವುದನ್ನು ತೋರಿಸಲು. ಅಳತೆ ತಿಳಿಯದೆ ಸುರಿದವನ ಕೈ ಹೀಗೆ ಒಂದು ಹಾಡಿನಲ್ಲಿ ತಡೆದು, ಇನ್ನೊಂದರಲ್ಲಿ ಬಿಡುವುದಿಲ್ಲ.

ಇದೆಲ್ಲ ಅಭಿಮಾನಿಯ ವಾದ ಎನ್ನುವವರಿಗೆ ಕೈಗೆಟಕುವ ಪುರಾವೆಯೂ ಇದೆ. 2019ರಲ್ಲಿ 4ಎಡಿ ಎಂಬ ಬ್ರಿಟಿಷ್ ಕಂಪನಿ ಈ ಆಲ್ಬಮ್ಮನ್ನು ಮರುಬಿಡುಗಡೆ ಮಾಡಿದಾಗ, ಸ್ಟುಡಿಯೋದ ಆರಂಭದ ಮುದ್ರಣಗಳನ್ನೂ ಸೇರಿಸಿತು. ಕೋರಸ್, ಮೇಲಿನ ಪದರಗಳು ಬರುವ ಮೊದಲಿನ ರೂಪಗಳು ಅವು. ‘ಬರೀ ಹಾಡು ಕೇಳಿಸಿದ್ದರೆ’ ಎಂದು ಹಲುಬಿದವರ ಆಸೆ ಕೊನೆಗೂ ಈಡೇರಿತು. ಅವು ಸುಂದರವಾಗಿಯೇ ಇವೆ. ಆದರೆ ಎರಡನ್ನೂ ಅಕ್ಕಪಕ್ಕ ಇಟ್ಟು ಕೇಳಿದರೆ ಆರಂಭದ ರೂಪಗಳು ಎಲ್ಲಿಗೋ ಹೊರಟು ಅರ್ಧ ದಾರಿಯಲ್ಲಿ ನಿಂತಂತೆ ಕೇಳುತ್ತವೆ. 1974ರ ರೂಪದಲ್ಲಿ ಅದೇ ಹಾಡು ತಲುಪಬೇಕಾದ ಜಾಗ ತಲುಪುತ್ತದೆ.

2014ರ ಜನವರಿಯಲ್ಲಿ ಬೀಚ್ ಹೌಸ್ ತಂಡದವರು ಫ್ಲೀಟ್ ಫಾಕ್ಸಸ್, ಗ್ರಿಜ್ಲಿ ಬೇರ್ ಮುಂತಾದ ತಂಡಗಳ ಗೆಳೆಯರನ್ನು ಕೂಡಿಸಿಕೊಂಡು ಅಮೆರಿಕದ ಪೂರ್ವ ಕರಾವಳಿಯ ಕೆಲವು ಊರುಗಳಲ್ಲಿ ಇಡೀ ಆಲ್ಬಮ್ಮನ್ನು ವೇದಿಕೆಯ ಮೇಲೆ ಹಾಡಿದರು. ಈ ಹಾಡುಗಳನ್ನು ‘ಸರಳಗೊಳಿಸಿ ಉಳಿಸುವ’ ಗೋಜಿಗೆ ಅವರು ಹೋಗಲಿಲ್ಲ. ಅಷ್ಟೂ ಪದರಗಳನ್ನು, ಅಷ್ಟೂ ದನಿಗಳನ್ನು ಆದಷ್ಟು ಇದ್ದ ಹಾಗೆಯೇ ಕೂಡಿಸಿದರು. ಹಾಡುಗಳನ್ನು ಬಿಚ್ಚಿ ನೋಡಿದ ಸಂಗೀತಗಾರರು ಬಂದು ನಿಂತ ತೀರ್ಮಾನ ಅದು. ಆಡಂಬರ ಎಂದವರು ಬಿಚ್ಚಿ ನೋಡುವ ಕಷ್ಟ ತೆಗೆದುಕೊಂಡಿರಲಿಲ್ಲ.

ಸರಳವಾದದ್ದೇ ಪ್ರಾಮಾಣಿಕ, ಅಲಂಕಾರವೆಂದರೆ ಏನನ್ನೋ ಮುಚ್ಚಿಡುವುದು ಎಂಬ ನಂಬಿಕೆ ರಾಕ್ ವಿಮರ್ಶೆಯಲ್ಲಿ ಬೇರುಬಿಟ್ಟಿದೆ. ಕನ್ನಡದ ಓದುಗರಿಗೆ ಇದು ಪೊಳ್ಳು ಎಂದು ವಿವರಿಸಿ ಹೇಳಬೇಕಿಲ್ಲ. ವಚನಕಾರರ ನೇರ ಮಾತಿಗೆ ತಲೆದೂಗುವವರೇ ಕುಮಾರವ್ಯಾಸನ ರೂಪಕಗಳ ಸುರಿಮಳೆಯಲ್ಲೂ ನೆನೆಯುತ್ತಾರೆ. ರೂಪಕ ಹೆಚ್ಚಾಯಿತು, ಆದ್ದರಿಂದ ಅವನ ಭಕ್ತಿ ಸುಳ್ಳು ಎಂದು ಯಾರೂ ಹೇಳುವುದಿಲ್ಲ. ಅಲಂಕಾರ ಏನು ಕೆಲಸ ಮಾಡುತ್ತಿದೆ ಎಂಬುದಷ್ಟೇ ಪ್ರಶ್ನೆ.

ಇನ್ನು ಎರಡನೆಯ ಅನ್ಯಾಯ, ಕನಿಕರದ್ದು. ‘ಕಳೆದುಹೋದ ಮೇರುಕೃತಿ’ ಎಂಬ ಬಿರುದು ಈಗ ಈ ಆಲ್ಬಮ್ಮಿನ ಇನ್ನೊಂದು ಹೆಸರೇ ಆಗಿದೆ. ಮೊದಲನೆಯದಾಗಿ, ಅದು ಕಳೆದುಹೋಗಲಿಲ್ಲ. ಮಾರಾಟದಿಂದ ಅದನ್ನು ಹಿಂದೆಗೆದುಕೊಂಡರು. ಕಳೆದುಹೋಯಿತು ಎಂದಾಗ ಕಂಪನಿಯ ಒಂದು ವ್ಯವಹಾರದ ತೀರ್ಮಾನ ವಿಧಿಯ ಆಟದಂತೆ ಕೇಳುತ್ತದೆ, ಮಾಡಿದವರ ಹೆಸರು ಅಳಿಸಿಹೋಗುತ್ತದೆ. ಎರಡನೆಯದಾಗಿ, ಕಿವಿಯುಳ್ಳವರ ಪಾಲಿಗೆ ಅದು ಎಂದೂ ಇಲ್ಲವಾಗಿರಲಿಲ್ಲ. 4ಎಡಿ ಕಂಪನಿಯದೇ ‘ದಿಸ್ ಮಾರ್ಟಲ್ ಕಾಯಿಲ್’ ಎಂಬ ಬಳಗ 1986ರಲ್ಲೇ ‘ಸ್ಟ್ರೆಂತ್ ಆಫ್ ಸ್ಟ್ರಿಂಗ್ಸ್’ ಹಾಡಿತ್ತು. ಕ್ಲಾರ್ಕ್‌ನ ಇತರ ಹಾಡುಗಳೂ ಬೇರೆಯವರ ಬಾಯಲ್ಲಿ ಬಾಳಿದವು. 1989ರಲ್ಲಿ ಟಾಮ್ ಪೆಟ್ಟಿ ಅವನ ಬರ್ಡ್ಸ್ ಕಾಲದ ಒಂದು ಹಾಡು ಎತ್ತಿಕೊಂಡ. 2007ರಲ್ಲಿ ರಾಬರ್ಟ್ ಪ್ಲಾಂಟ್ ಮತ್ತು ಅಲಿಸನ್ ಕ್ರಾಸ್ ತಮ್ಮ ‘ರೈಸಿಂಗ್ ಸ್ಯಾಂಡ್’ನಲ್ಲಿ ಎರಡು ಹಾಡಿದರು, ಆ ಆಲ್ಬಮ್ ಮುಂದೆ ವರ್ಷದ ಆಲ್ಬಮ್ ಎಂದು ಗ್ರ್ಯಾಮಿ ಪಡೆಯಿತು.

ಕನಿಕರದ ಕಥೆ ಮುಚ್ಚಿಡುವ ಇನ್ನೊಂದು ಸಂಗತಿ ಇದೆ. ಸೋಲಿನಲ್ಲಿ ಕ್ಲಾರ್ಕ್‌ನದೂ ಪಾಲಿತ್ತು. ವಿಮಾನ ಹತ್ತಲು ಅಂಜುವವನು ದೊಡ್ಡ ದೇಶದಲ್ಲಿ ಊರೂರು ಸುತ್ತಿ ಹಾಡುವುದು ಕಷ್ಟ. ಇಷ್ಟು ದೊಡ್ಡ ಸದ್ದಿನ ಆಲ್ಬಮ್ಮನ್ನು ವೇದಿಕೆಗೆ ತರುವ ದುಡ್ಡು ಕಂಪನಿ ಕೊಡಲಿಲ್ಲ, 1975ರಲ್ಲಿ ಅವನು ಸುತ್ತಿದ್ದು ಇಬ್ಬರು ಜೊತೆಗಾರರ ಸಣ್ಣ ತಂಡದೊಂದಿಗೆ. ಕುಡಿತ ಅವನನ್ನು ಹಿಂಡಿತು. ಇದನ್ನೆಲ್ಲ ಒಪ್ಪಬಹುದು, ಒಪ್ಪಬೇಕು. ಆದರೆ ಇದು ಯಾವುದೂ ಹಾಡುಗಳ ಗುಣದ ಬಗ್ಗೆ ಏನನ್ನೂ ಹೇಳುವುದಿಲ್ಲ. ಮಾಡಿದವನ ಬಾಳು ಕೆಟ್ಟಿತು ಎಂದು ಹಾಡನ್ನು ತಳ್ಳುವುದು ಎಷ್ಟು ತಪ್ಪೋ, ಬಾಳು ಕೆಟ್ಟಿತು ಎಂದೇ ಹಾಡನ್ನು ಎತ್ತಿ ಹಿಡಿಯುವುದೂ ಅಷ್ಟೇ ತಪ್ಪು. 1991ರಲ್ಲಿ ತೀರಿಕೊಂಡವನ ನೆರಳನ್ನು ಹಿಂದಕ್ಕೆ ಚಾಚಿ, 29 ವರ್ಷದವನು ಬರೆದ ಪ್ರತಿ ಸಾಲಿನಲ್ಲೂ ಸಾವಿನ ಮುನ್ಸೂಚನೆ ಹುಡುಕುವ ಚಟ ಬೇರೆ. ಈ ಆಲ್ಬಮ್ ಮಾಡುವಾಗ ಅವನು ಕಡಲಿನ ಎದುರು ಕೂತು ಬರೆಯುತ್ತಿದ್ದ ತಂದೆ, ತನ್ನ ಕಸುಬಿನ ತುದಿಯಲ್ಲಿದ್ದ ಹಾಡುಗಾರ. ತಾನು ಮಾಡುತ್ತಿರುವುದು ದೊಡ್ಡ ಕೆಲಸ ಎಂಬ ನಂಬಿಕೆ ಪ್ರತಿ ಹಾಡಿನಲ್ಲೂ ಕೇಳುತ್ತದೆ. ಟಿಪ್ಟನ್‌ನಲ್ಲಿರುವ ಅವನ ಸಮಾಧಿಯ ಕಲ್ಲಿನ ಮೇಲೆ ಹೆಸರಿನ ಜೊತೆ ಕೆತ್ತಿರುವುದು ‘ನೋ ಅದರ್’ ಎಂಬ ಎರಡೇ ಪದ. ಲೋಕ ಕೊಂಡಾಡಿದ ಬರ್ಡ್ಸ್ ಹಾಡುಗಳ ಹೆಸರು ಅಲ್ಲಿಲ್ಲ.

ಆಲ್ಬಮ್ ಪರಿಪೂರ್ಣ ಎಂದು ಹೇಳುವ ಅಗತ್ಯವೂ ಇಲ್ಲ. ಮೊದಲ ಹಾಡು ‘ಲೈಫ್ಸ್ ಗ್ರೇಟೆಸ್ಟ್ ಫೂಲ್’ ಹಗುರವಾಗಿ ಕುಣಿಯುತ್ತದೆ, ಮುಂದೆ ಬರುವುದರ ಆಳವನ್ನು ಸೂಚಿಸುವುದಿಲ್ಲ. ‘ದ ಟ್ರೂ ಒನ್’ ಚೊಕ್ಕವಾದ ಕಂಟ್ರಿ ಹಾಡು, ಅಷ್ಟೆ. ಕೆಲವು ಕಡೆ ಸಾಹಿತ್ಯ ಮಂಜು ಮುಸುಕಿದಂತಿದೆ. ಅರ್ಥ ಇನ್ನೇನು ಕೈಗೆ ಸಿಕ್ಕಿತು ಎನ್ನುವಾಗ ಜಾರುತ್ತದೆ, ಜಾರಿದ್ದು ಯಾವಾಗಲೂ ಆಳದಿಂದಲೇ ಎನ್ನಲಾಗದು. ಇವು ನಿಜವಾದ ಕೊರತೆಗಳು. ಹಾಡು ಕೇಳಿದವರು ಮಾತ್ರ ಹೇಳಬಹುದಾದ ಕೊರತೆಗಳು ಕೂಡ. 144 ಎಂಬ ಅಂಕಿಯಿಂದಾಗಲಿ, ಖರ್ಚಾದ ಡಾಲರುಗಳಿಂದಾಗಲಿ ಇವು ತಿಳಿಯುವುದಿಲ್ಲ.

ಹಿಂದೆ ಈ ಆಲ್ಬಮ್ ಬೇಕೆಂದರೆ ಹಳೆಯ ರೆಕಾರ್ಡು ಮಾರುವವರ ಪೆಟ್ಟಿಗೆಗಳನ್ನು ತಡಕಬೇಕಿತ್ತು. ಈಗ ಪುಣೆಯ ಲೋಕಲ್ ರೈಲಿನಲ್ಲೋ ಹೈದರಾಬಾದಿನ ಬಸ್ಸಿನಲ್ಲೋ ಕೂತವರ ಫೋನಿನಲ್ಲೇ ಇದೆ. ಸಿಗುವುದಿಲ್ಲ ಎಂಬ ನೆಪ ಹೋಯಿತು. ಉಳಿದಿರುವುದು ಕಥೆ ಓದಿ ಮುಂದೆ ಹೋಗುವ ಅಭ್ಯಾಸ. ಮೊದಲ ಹಾಡಿನಿಂದ ಶುರುಮಾಡಬೇಕಾಗಿಲ್ಲ. ನಾಲ್ಕನೆಯದಾದ ‘ಸ್ಟ್ರೆಂತ್ ಆಫ್ ಸ್ಟ್ರಿಂಗ್ಸ್’ ಹಾಕಿ, ಮಾತು ಬರುವವರೆಗೆ ಕಾಯಿರಿ. ಅದು ಹಿಡಿಸಿದರೆ ‘ಸಮ್ ಮಿಸ್‌ಅಂಡರ್‌ಸ್ಟ್ಯಾಂಡಿಂಗ್’ಗೆ ಹೋಗಿ. ಅಷ್ಟಾದ ಮೇಲೂ ವಾದ್ಯ ಹೆಚ್ಚಾಯಿತು ಅನ್ನಿಸಿದರೆ, ಯಾವ ವಾದ್ಯ, ಯಾವ ಹಾಡಿನಲ್ಲಿ, ಎಲ್ಲಿ ಎಂದು ಹೇಳಿ. ಬೈಯುವುದಾದರೂ ಹಾಗೆ ಬೈದರೆ ಕ್ಲಾರ್ಕ್‌ಗೆ ಅವನು ಬದುಕಿದ್ದಾಗ ಸಿಗದ ಮರ್ಯಾದೆ ಸಿಕ್ಕಂತಾಗುತ್ತದೆ.